ಬ್ರೆಡ್ಡಿನ ಮೇಲೊಂದು ಹೆಸರು

ಸ್ಯಾನ್ ರಮೋನ್‌ನ ಅಕ್ಕನ ಮನೆಯಿಂದ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿನವರೆಗೂ ಕಾರಿನಲ್ಲಿ ಅಮ್ಮ-ಮಗಳ ಮುನಿಸು ಇಳಿಯಲಿಲ್ಲ. ಅಕ್ಕನ ಮಗಳು ಅನಘಾ ಕಾಲೇಜಿಗೆಂದು ನಾಳೆ ಬೇರೆ ಅಪಾರ್ಟ್‌ಮೆಂಟಿಗೆ ಹೋಗುತ್ತಾಳೆ. ಅಕ್ಕ ತನ್ನ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಗಳನ್ನು ಕಟ್ಟಿಕೊಟ್ಟರೆ, "ಯಾರಮ್ಮಾ ಡಬ್ಬಿ ಮೇಲೆ ನೇಮ್ ಹಾಕ್ತಾರೆ? ಸೋ ಎಂಬರಾಸಿಂಗ್!" ಎಂದು ಬೆಳಿಗ್ಗೆ ವಾಪಸು ತೆಗೆದಿಟ್ಟಿದ್ದಳು.

ಒಳಗೆ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಊರಿನ ಮನೆಸಾಮಾನು: ಸೌಟು, ಜರಡಿ, ಬಾಣಲೆ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಇದ್ದಿಲಿನಂತೆ ಕಪ್ಪಾದ ದುಂಡನೆಯ ಬ್ರೆಡ್ಡು. ಅದರ ಮೇಲೆ ಅಕ್ಷರಗಳು. ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ನನ್ನದು. ಇಂಗ್ಲಿಷ್ ಬೋರ್ಡು ಕಂಡರೆ ಇವತ್ತಿಗೂ ಗಟ್ಟಿಯಾಗಿ ಓದಿಯೇ ತೀರುತ್ತೇನೆ; ಪೆಟ್ಟಿಗೆಯ ಪಕ್ಕದ ಬೋರ್ಡನ್ನೂ ಓದಿದೆ. ಹಲವು ಮನೆಗಳ ಬ್ರೆಡ್ಡು ಒಂದೇ ಒಲೆಯಲ್ಲಿ ಬೇಯುತ್ತಿದ್ದುದರಿಂದ, ಅದಲುಬದಲಾಗದಿರಲೆಂದು ಹೆಸರಿನ ಮುದ್ರೆ ಒತ್ತುತ್ತಿದ್ದರಂತೆ.

"ನೋಡೇ!" ಎಂದಳು ಅಕ್ಕ. "ಹೆಸರಿದ್ರೆ ತಾನೇ ಸಾಮಾನು ಮನೆಗೆ ವಾಪಸ್ ಬರೋದು?"

"ಬಟ್ ಇದು ಮನೆಗೆ ಹೋಗ್ಲೇ ಇಲ್ವಲ್ಲಮ್ಮಾ. ಮ್ಯೂಸಿಯಮ್ಮಲ್ಲಿದೆ."

ನನಗೆ ನಗು ಬಂತು. ಅಕ್ಕನ ಮುಖ ಸಣ್ಣದಾಯಿತು. ಅನಘಾ ಅದನ್ನು ನೋಡಿದಳು. ಮತ್ತೆ ಬ್ರೆಡ್ಡಿನತ್ತ ತಿರುಗಿ, ಗಾಜಿಗೆ ಬಗ್ಗಿ ಆ ಅಕ್ಷರಗಳನ್ನು ಇನ್ನೊಮ್ಮೆ ನೋಡಿದಳು.

"ಓಕೆ, ಡಬ್ಬಿ ಕೊಡು. ಖಾಲಿಯಾದಾಗೆಲ್ಲ ತರ್ತೀನಿ. ನೀನು ತುಂಬ್ಸಿ ಕೊಡ್ಬೇಕು, ಡೀಲ್?"

"ಏನು ತುಂಬ್ಸಲೇ? ಚಕ್ಲೀನಾ, ಚಟ್ನಿಪುಡೀನಾ? ಹುರಿಟ್ಟು ತಿಂತೀಯಾ?"

ಬ್ರೆಡ್ಡು ನೋಡಲು ನಮ್ಮ ಹಿಂದೆ ಉದ್ದ ಸಾಲು ನಿಂತಿತ್ತು. ಅಕ್ಕ ಜಾಗ ಬಿಡಲಿಲ್ಲ.