ಬರುವ ವಿಮಾನ, ಹೋಗುವ ವಿಮಾನ

“ಹೊಸದಾಗಿ ಕಲಿಯುವವರು ಮೊದಲು ಮೊಳದಗಲದ ಸಣ್ಣ ವಿಮಾನವನ್ನೇ ಕೊಳ್ಳಬೇಕು, ಬಿದ್ದರೂ ಚಿಂತೆಯಿಲ್ಲ.” ರಿಮೋಟಿನಿಂದ ಹಾರಿಸುವ ವಿಮಾನಗಳ ಬಗ್ಗೆ ಠಾಣೆ ನಗರದ ಆಟಿಕೆ ಅಂಗಡಿಯವನು ಹೇಳಿದ್ದೂ ಇದನ್ನೇ, ಡೊಂಬಿವಲಿಯಲ್ಲಿರುವ ನನ್ನ ಗೆಳೆಯ ಹೇಳಿದ್ದೂ ಇದನ್ನೇ. ವಿಜಯಪುರದ ಕಡೆಯ ಆ ಗೆಳೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಕಾರ್ಖಾನೆಯಿಂದ ನಿವೃತ್ತನಾದವನು, ನನಗಿಂತ ಮೊದಲೇ ಈ ಹುಚ್ಚು ಹಿಡಿಸಿಕೊಂಡವನು. “ಸಣ್ಣದ ತಗೋರಿ ಸರ. ದೊಡ್ಡದು ತಗೊಂಡು ಯಾರ ತಲಿ ಮ್ಯಾಲ ಇಳಸವ್ರು?” ಎಂದು ನಕ್ಕಿದ್ದ.

ನನ್ನ ಭಯವೂ ಆ ತಲೆಯದೇ ಆಗಿತ್ತು. ಆದರೆ ವಿಮಾನವು ತಲೆಯ ಮೇಲೆ ಬೀಳುವುದು ಅದು ದೊಡ್ಡದೆಂಬ ಕಾರಣಕ್ಕೋ, ಹಾರಿಸುವವನಿಗೆ ಕಾಣಲಿಲ್ಲವೆಂಬ ಕಾರಣಕ್ಕೋ ಎಂಬುದನ್ನು ಇಬ್ಬರೂ ವಿಚಾರಿಸಿರಲಿಲ್ಲ. ನನ್ನ ಬಲಗಣ್ಣಿನ ಪೊರೆ ತೆಗೆಸಿಯಾಗಿದೆ, ಎಡಗಣ್ಣಿನದು ಬಾಕಿಯಿದೆ. ವಿಮಾನ ದೂರ ಸಾಗುವಾಗ ನಮ್ಮ ಬಲವೇ ಅದರ ಬಲ. ನಮ್ಮತ್ತ ಬರುವಾಗ ಅದರ ಬಲ ನಮ್ಮ ಎಡವಾಗುತ್ತದೆ. ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆ ಹೋದರೆ, ಉಳಿಸಲು ಹೊರಟ ಕೈಯೇ ಅದನ್ನು ಕೆಡವುತ್ತದೆ. ಕಲ್ಯಾಣದಾಚೆ ಕೊಯ್ಲಾದ ಗದ್ದೆಯಲ್ಲಿ ಹಾರಿಸುವುದೆಂದು ಮಾತಾಗಿತ್ತು. ಅಲ್ಲಿಯೂ ಬದುವಿನ ಮೇಲೆ ಜನ ಓಡಾಡುತ್ತಾರೆ. ಈ ಕಣ್ಣುಗಳನ್ನು ನಂಬಿ ನಾನು ಹಾರಿಸಬಹುದೇ ಎಂಬ ಪ್ರಶ್ನೆ ಊಟದ ತಟ್ಟೆಯ ಮುಂದೆಯೂ ಬಿಡಲಿಲ್ಲ.

ಕೊಳ್ಳುವ ಮೊದಲು ಪರೀಕ್ಷಿಸಲು ನಿರ್ಧರಿಸಿದೆ. ಥರ್ಮೋಕೋಲಿನಲ್ಲಿ ಎರಡು ವಿಮಾನಗಳನ್ನು ಕತ್ತರಿಸಿ ಜೋಡಿಸಿದೆ: ಒಂದರ ರೆಕ್ಕೆ ಒಂದು ಮೊಳ, ಇನ್ನೊಂದರದು ಮೂರು. ಬೆಳಿಗ್ಗೆ, ಸಾನಪಾಡಾದ ನಮ್ಮ ಕಟ್ಟಡದ ಹಿಂದಿನ ರಸ್ತೆಯಲ್ಲಿ, ಅವನ್ನು ಒಂದೊಂದಾಗಿ ತಲೆಯ ಮೇಲೆತ್ತಿ ಹಿಡಿದು ನಡೆಯುತ್ತ, ನಡುನಡುವೆ ನಿಂತು ಮೂತಿಯನ್ನು ನನ್ನತ್ತಲೋ ಆಚೆಗೋ ತಿರುಗಿಸುವಂತೆ ಹೆಂಡತಿಯನ್ನು ಕೇಳಿಕೊಂಡೆ.

“ಎಂತ ಮಾರಾಯ್ರೆ, ಈ ಪ್ರಾಯದಲ್ಲಿ ನನ್ನನ್ನು ರನ್‌ವೇ ಹತ್ತಿಸ್ತೀರಾ?” ಎಂದಳು. ಆದರೂ ಹೊರಟಳು. ಮೊದಲು ಸಣ್ಣದು. ಎರಡನೆಯ ದೀಪದ ಕಂಬದ ಬಳಿ ನಿಂತು ಮೊಬೈಲಿನಲ್ಲಿ ಕೇಳಿದಳು: “ಈಗ?”

“ಬರ್ತಾ ಉಂಟು.”

“ಇಲ್ಲ. ಹೋಗ್ತಾ ಉಂಟು. ಈಗ?”

“ಹೋಗ್ತಾ ಉಂಟು.”

“ಅದೂ ತಪ್ಪು. ನೋಡಿ ಹೇಳಿ, ಅಂದಾಜು ಬೇಡ.”

ನೋಡಿಯೇ ಹೇಳಿದ್ದೆ.

ದೊಡ್ಡದನ್ನೆತ್ತಿಕೊಂಡು ಅವಳು ಅದೇ ಕಂಬವನ್ನು ದಾಟಿದಳು, ಮುಂದಿನದನ್ನೂ ದಾಟಿದಳು. ಕೇಳಿದಾಗಲೆಲ್ಲ ನನ್ನ ಉತ್ತರ ಸರಿಯಾಗಿತ್ತು. ಗೆದ್ದೆನೆಂದುಕೊಳ್ಳುವಷ್ಟರಲ್ಲಿ, ರಸ್ತೆ ತಿರುಗುವಲ್ಲಿ, ಆ ಮೂರು ಮೊಳದ ರೆಕ್ಕೆಯೂ ಬೆಳಗಿನ ಮಬ್ಬಿನಲ್ಲಿ ಬರಿಯ ಗೀರಾಯಿತು. “ಈಗ?” ಎಂದಳು. “ಗೊತ್ತಾಗ್ತಾ ಇಲ್ಲ,” ಎಂದೆ. “ಹಾಗಾದರೆ ಇಲ್ಲಿವರೆಗೆ ಮಾತ್ರ,” ಎಂದು ಅವಳೇ ತೀರ್ಮಾನ ಕೊಟ್ಟಳು.

ಮೂರು ಮೊಳದ್ದನ್ನೇ ಕೊಂಡೆ. ದೂರದಲ್ಲೂ ಎದ್ದು ಕಾಣಲೆಂದು ರೆಕ್ಕೆಯ ಅಡಿಗೆ ಕಪ್ಪು ಪಟ್ಟಿ ಅಂಟಿಸಿದ್ದೇನೆ. ದೊಡ್ಡದೇ ವಾಸಿಯೆಂಬ ನನ್ನ ಮಾತು ತಪ್ಪೆಂದು ಗೆಳೆಯ ಈಗಲೂ ವಾದಿಸುತ್ತಾನೆ. ಅವನ ವಾದಕ್ಕಿಂತ ನನ್ನನ್ನು ಕಾಡುವುದು ಬೇರೆ: ಕಲ್ಯಾಣದ ಗದ್ದೆಯಲ್ಲಿ, ಇಲ್ಲಿವರೆಗೆ ಮಾತ್ರ ಎಂದು ತೋರಿಸಲು ದೀಪದ ಕಂಬಗಳಿಲ್ಲ.

ಥರ್ಮೋಕೋಲಿನ ಆ ಎರಡೂ ವಿಮಾನಗಳು ನಮ್ಮ ತಾರಸಿಯಲ್ಲಿ, ನೀರಿನ ಟಾಕಿಯ ಪಕ್ಕದಲ್ಲಿವೆ. ಸಂಶಯವುಳ್ಳವರು ಬಂದು ಅದೇ ರಸ್ತೆಯಲ್ಲಿ ನಿಂತು ನೋಡಬಹುದು. ಹಿಡಿದುಕೊಂಡು ಹೋಗುವವರು ಮೂತಿ ಯಾವ ಕಡೆಗಿದೆ ಎಂದು ಮೊದಲೇ ಹೇಳಬಾರದು, ಅಷ್ಟೇ.