ಪದಸೂಚಿಯಲ್ಲಿ ಸಿಗದ ಜೋಳ

ಮೊನ್ನೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕಟ್ಟಿಕೊಟ್ಟ ಹಾಳೆ ಬಿಚ್ಚಿದರೆ, ಎಣ್ಣೆಯಲ್ಲಿ ನೆಂದು ಕೂತಿತ್ತು ಯಾವುದೋ ಪುಸ್ತಕದ ಪದಸೂಚಿ! ಮಣ್ಣು, ಮರಳು, ಮಳೆ, ಎದುರಿಗೆ ಪುಟಸಂಖ್ಯೆಗಳು. ಮಿರ್ಚಿ ಆರುವವರೆಗೂ ಓದಿದೆ. ನಗಬೇಡಿ, ಈ ಚಟ ಹತ್ತಿಸಿದ್ದು ಸರೋಜಕ್ಕ.

ಸೊರಬದಿಂದ ದಿನಾ ಬಸ್ಸಿನಲ್ಲಿ ಬಂದು ನಮ್ಮ ಪುಟ್ಟ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದವರು ಅವರು. ನಾನು ಸಹಾಯಕ, ಅಂದರೆ ಹೆಚ್ಚಾಗಿ ಚಹಾ ತರುವವನು. ಒಮ್ಮೆ ಸಮಿತಿಯವರು ಯಾರೂ ಕೇಳದ ಪುಸ್ತಕಗಳನ್ನು ಮೂಲೆಗೆ ಗುಡ್ಡೆ ಹಾಕಿಸಿ, ಯುಗಾದಿಯೊಳಗೆ ರದ್ದಿಗೆ ಕೊಡಿ ಎಂದರು. ಅಕ್ಕನ ಮುಖ ಕೆಂಪಾಯಿತು.

“ಒಳಗೆ ಎಂತ ಇದೆ ಅಂತ ಗೊತ್ತಾದ್ರಲ್ವಾ ಮಾರಾಯ್ರೇ, ಜನ ಕೇಳೋದು?”

ಇಡೀ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಲು ನಮಗೆ ಪುರುಸೊತ್ತೆಲ್ಲಿ? ಕೊನೆಯ ಪುಟಗಳ ಪದಸೂಚಿಯನ್ನಷ್ಟೇ ಏರಿಸೋಣ ಎಂದರು ಅಕ್ಕ. ಪದ ಹಾಕಿದರೆ ಯಾವ ಪುಸ್ತಕ, ಯಾವ ಪುಟ ಎಂದು ಅದು ಹೇಳಬೇಕು. ಅವರು ಓದುವುದು, ನಾನು ಒತ್ತುವುದು. ನನ್ನ ಬೆರಳಿನ ಕೃಪೆಯಿಂದ ‘ಕೋಣೆ’ ಹುಡುಕಿದವರಿಗೆ ಕೋಣ ಸಿಗುವಂತಾಯಿತು.

ಮೊದಲು ಬಂದವರು ಉಡುತಡಿಯ ರೈತರೊಬ್ಬರು. ಬೆಳೆಗೆ ಹುಳು ಬಿದ್ದಿತ್ತು. ‘ಗೋವಿನಜೋಳ’ ಎಂದು ಒತ್ತಿದೆ. ಏನೂ ಬರಲಿಲ್ಲ.

“ಊರ ತುಂಬ ಐತಿ, ನಿಮ್ಮ ಪುಸ್ತಕದಾಗ ಇಲ್ಲೇನ್ರೀ?” ಎಂದರು ಅವರು.

‘ಮೆಕ್ಕೆಜೋಳ’ ಎಂದು ಒತ್ತಿದೆ. ಅದೂ ಇಲ್ಲ. ಇನ್ನು ಪುಸ್ತಕಗಳ ಕಥೆ ಮುಗಿಯಿತು ಎನಿಸಿ ನಿಜಕ್ಕೂ ಸಂಕಟವಾಯಿತು. ಅಕ್ಕ ಗುಡ್ಡೆಯಿಂದ ಬೇಸಾಯದ ಪುಸ್ತಕವೊಂದನ್ನು ಎಳೆದು, ಹಿಂದಿನ ಪುಟ ತಿರುವಿ, ಜೋರಾಗಿ ನಕ್ಕರು. ಬರೆದ ಪುಣ್ಯಾತ್ಮರು ಮೈಸೂರು ಕಡೆಯವರು. ಅವರಿಗೆ ಅದು ಮುಸುಕಿನಜೋಳ. ಆ ಹೆಸರನ್ನು ಏರಿಸಿದ್ದನ್ನೇ ಓದಿದವರೂ ಒತ್ತಿದವನೂ ಮರೆತುಬಿಟ್ಟಿದ್ದೆವು.

“ಹಿಂಗೆ ಮುಸುಕು ಹಾಕ್ಕೊಂಡು ಕೂತ್ರೆ ಯಾರ ಕಣ್ಣಿಗೆ ಬೀಳುತ್ತೆ ಇದು?”

ಅಂದಿನಿಂದ ಪುಸ್ತಕದ ಪದದ ಪಕ್ಕದಲ್ಲೇ ನಮ್ಮ ಜನ ಆಡುವ ಹೆಸರನ್ನೂ ಸೇರಿಸಿದೆವು. ಪರಂಗಿಗೆ ಪಪ್ಪಾಯಿ, ಕಡಲೆಕಾಯಿಗೆ ಶೇಂಗಾ. ಆ ರೈತರು ಪುಸ್ತಕ ಒಯ್ದರು, ಓದಿ ಅಕ್ಕಪಕ್ಕದವರನ್ನೂ ನಮ್ಮಲ್ಲಿಗೆ ಅಟ್ಟಿದರು. ಗುಡ್ಡೆ ಕರಗುತ್ತ ಬಂತು. ಯುಗಾದಿಗೆ ಸಮಿತಿಯವರು ಬೇವುಬೆಲ್ಲ ತಿಂದು ಹೋದರು, ರದ್ದಿಯ ಮಾತೆತ್ತಲಿಲ್ಲ.

ಅಕ್ಕ ನಿವೃತ್ತರಾಗಿ ಈಗ ಸೊರಬದಲ್ಲೇ ಇದ್ದಾರೆ. ಅವರ ಕುರ್ಚಿಯಲ್ಲಿ ನಾನಿದ್ದೇನೆ. ಇವತ್ತು ಒಬ್ಬಾಕೆ ಬಂದು ಯಾವುದೋ ಸೊಪ್ಪಿನ ಹೆಸರು ಹೇಳಿದರು. ಕಂಪ್ಯೂಟರು ‘ಸಿಗಲಿಲ್ಲ’ ಎಂದಿತು. ಹಿಂದೆಲ್ಲ ಆಗಿದ್ದರೆ ನಾನೂ ‘ಇಲ್ಲ’ ಎಂದು ಚಹಾಕ್ಕೆ ಎದ್ದುಬಿಡುತ್ತಿದ್ದೆ.

“ಕೂತ್ಕೊಳ್ರೀ,” ಎಂದೆ. “ನಿಮ್ಮ ಅಮ್ಮ ಅದಕ್ಕೆ ಏನಂತಿದ್ರು?”