ಅಪ್ಪನ ಪೋಸ್ಟರಿನ ಅಕ್ಷರ

ಅಪ್ಪ ತೀರಿಕೊಂಡ ಬೆಳಿಗ್ಗೆ, ಸಾವಿನ ಸುದ್ದಿ ಸಾರಲು ಗೋಡೆಗೆ ಅಂಟಿಸುವ ಕಣ್ಣೀರಂಜಲಿ ಪೋಸ್ಟರನ್ನು ನಾನೇ ಮಾಡಿದೆ. ಗಾಂಧಿಪುರಂನ ಬ್ಯಾನರ್ ಅಂಗಡಿಯಲ್ಲಿ ನನ್ನದು ಅದೇ ಕೆಲಸ. ನಮ್ಮ ಕಡೆ ಪೋಸ್ಟರಿನ ಕೆಳಗೆ ನೆಂಟರ ಹೆಸರೆಲ್ಲ ಇರಬೇಕು. ಒಂದು ಬಿಟ್ಟರೂ ಆ ಮನೆಯವರು ಸಾವಿಗೆ ಬರುವುದಿಲ್ಲ. ಚಿಕ್ಕಪ್ಪ ಹೇಳಿದ ಹೆಸರುಗಳನ್ನೆಲ್ಲ ಹಾಕಿದ ಮೇಲೆ, ನನ್ನ ಹೆಸರಿನ ಮುಂದೆ ಬಿ.ಎ. ಎಂದು ಸೇರಿಸಲು ಜಾಗ ಉಳಿಯಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ನೇಯ್ದು ನನ್ನನ್ನು ಓದಿಸಿದವನು ಅಪ್ಪ. ನಮ್ಮ ಮನೆತನದ ಮೊದಲ ಡಿಗ್ರಿಯನ್ನು ಒಮ್ಮೆ ಅಚ್ಚಿನಲ್ಲಿ ನೋಡಬೇಕು ಎನ್ನುತ್ತಲೇ ಇದ್ದ.

ಅದಕ್ಕೇ ಇಡೀ ಪೋಸ್ಟರಿಗೆ ಮಕ್ಕಳ ಹುಟ್ಟುಹಬ್ಬದ ಬ್ಯಾನರಿಗೆ ಬಳಸುವ, ಕೈಬರಹದಂತೆ ಕುಣಿಯುವ ಸಣಕಲು ಫಾಂಟ್ ಹಾಕಿದೆ. ಬಿ.ಎ. ಸೇರಿ ಎಲ್ಲವೂ ಜಾಗದಲ್ಲಿ ಹಿಡಿಯಿತು.

ಅಂಟಿಸಿದ ಪೋಸ್ಟರಿನ ಮುಂದೆ ಅತ್ತೆ ನಿಂತು, ಅಕ್ಷರಗಳ ಮೇಲೆ ಬೆರಳಾಡಿಸಿ, ನನ್ನನ್ನು ಮುದ್ದಿನಲ್ಲೇ ಕರೆದಳು.

“ಏನ್ ಕಣ್ಣು, ನಮ್ಮಣ್ಣಂಗೆ ಬರ್ತ್‌ಡೇನಾ? ಎಳುತ್ತೆಲ್ಲ ಕುಣೀತಾ ಐತೆ.”

“ಬುಡಕ್ಕಾ, ಓದಿರೋಳು ಮಾಡಿರೋದು,” ಎಂದ ಚಿಕ್ಕಪ್ಪ.

ಡಿಗ್ರಿ ತೆಗೆದು, ಸಾವಿಗೆ ಒಪ್ಪುವ ಅಕ್ಷರದಲ್ಲಿ ಮತ್ತೆ ಅಚ್ಚು ಹಾಕಿಸಲು ಇನ್ನೂ ಹೊತ್ತಿತ್ತು. ನಾನು ಹಾಕಿಸಲಿಲ್ಲ.

ಅಪ್ಪನನ್ನು ಆ ಗೋಡೆಯ ಮುಂದೆಯೇ ಹೊತ್ತುಕೊಂಡು ಹೋದರು. ನಾನು ತಲೆ ಎತ್ತಿ ಗೋಡೆ ನೋಡಲಿಲ್ಲ.